ವಾಸನೆ ಆಗಿಬರದವರ ಮಾತನ್ನು ಜನರಿಗೆ ತಲುಪಿಸುವುದು: ಬಹು ರಾಸಾಯನಿಕ ಅತಿಸಂವೇದನೆಯ ಜಾಗೃತಿಗೊಂದು ಮಾರ್ಗದರ್ಶಿ

ಹೊಸದಾಗಿ ಬಣ್ಣ ಬಳಿದ ಕೋಣೆಯಲ್ಲಿ ಹತ್ತು ನಿಮಿಷ ಕುಳಿತರೆ ಸಾಕು, ಕೆಲವರಿಗೆ ತಲೆ ಸಿಡಿಯತೊಡಗುತ್ತದೆ. ಲಿಫ್ಟಿನಲ್ಲಿ ಪಕ್ಕದಲ್ಲಿ ನಿಂತವರ ಸೆಂಟಿನ ವಾಸನೆಗೆ ಎದೆ ಬಿಗಿಯುತ್ತದೆ. ಆಗಷ್ಟೇ ಒರೆಸಿದ ನೆಲದ ಮೇಲೆ ನಡೆದುಹೋದರೆ ತಾವು ಏನು ಹೇಳಲು ಬಂದೆವೆಂಬುದೇ ಮರೆತುಹೋಗುವಷ್ಟು ಮಂಕು ಕವಿಯುತ್ತದೆ. ಅದೇ ಕೋಣೆಯಲ್ಲಿ, ಅದೇ ಲಿಫ್ಟಿನಲ್ಲಿ ಇರುವ ಉಳಿದವರಿಗೆ ಏನೂ ಆಗಿರುವುದಿಲ್ಲ. ಆದ್ದರಿಂದ ಈ ತೊಂದರೆಯನ್ನು ಹೇಳಿಕೊಂಡವರಿಗೆ ಸಾಮಾನ್ಯವಾಗಿ ಸಿಗುವ ಉತ್ತರ ‘ನಿಮ್ಮದು ಅತಿಯಾಯಿತು’ ಎಂಬುದೇ. ಈ ಸ್ಥಿತಿಯನ್ನು ವೈದ್ಯಕೀಯ ಬರಹಗಳು ಮಲ್ಟಿಪಲ್ ಕೆಮಿಕಲ್ ಸೆನ್ಸಿಟಿವಿಟಿ, ಚಿಕ್ಕದಾಗಿ ಎಂಸಿಎಸ್ ಎಂದು ಕರೆಯುತ್ತವೆ. ಕನ್ನಡದಲ್ಲಿ ಇದನ್ನು ಬಹು ರಾಸಾಯನಿಕ ಅತಿಸಂವೇದನೆ ಎನ್ನಬಹುದು.

ನನ್ನ ಅಕ್ಕ ಬಹಳ ವರ್ಷಗಳಿಂದ ಇದರೊಂದಿಗೆ ಬದುಕುತ್ತಿದ್ದಾಳೆ. ಅವಳ ಪರವಾಗಿ ಹಲವು ಕಚೇರಿ, ಆಸ್ಪತ್ರೆಗಳ ಬಾಗಿಲು ತಟ್ಟಿ ನಾನು ಕಲಿತದ್ದೇನೆಂದರೆ, ಜನರು ನಮ್ಮನ್ನು ನಂಬಲಿ ಎಂದು ಕಾಯುತ್ತ ಕುಳಿತರೆ ಕೆಲಸ ಆಗುವುದಿಲ್ಲ; ಒಂದು ನಿರ್ದಿಷ್ಟ ಜಾಗದ ಗಾಳಿಯಲ್ಲಿ ಒಂದು ನಿರ್ದಿಷ್ಟ ಬದಲಾವಣೆಯನ್ನು ಕೇಳಿದರೆ ಕೆಲಸವೂ ಆಗುತ್ತದೆ, ನಂಬಿಕೆಯೂ ನಿಧಾನವಾಗಿ ಅದರ ಹಿಂದೆಯೇ ಬರುತ್ತದೆ. ಈ ತೊಂದರೆ ಇರುವವರು, ಅವರ ಮನೆಯವರು, ಸ್ನೇಹಿತರು ಮತ್ತು ತಮ್ಮ ಸಂಸ್ಥೆಯಲ್ಲಿ ಏನಾದರೂ ಮಾಡಬೇಕೆಂಬ ಮನಸ್ಸುಳ್ಳ ಎಲ್ಲರಿಗಾಗಿ ಮುಂದಿನ ಹೆಜ್ಜೆಗಳನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ವಿಷಯವನ್ನು ಸರಿಯಾಗಿ ತಿಳಿದುಕೊಳ್ಳಿ

ಎದುರಿನವರು ಕೇಳುವ ಮೊದಲ ಪ್ರಶ್ನೆ ‘ಇದು ಅಲರ್ಜಿಯೇ?’ ಎಂಬುದು. ಅಲ್ಲ. ಅಲರ್ಜಿಯಲ್ಲಿ ರೋಗನಿರೋಧಕ ವ್ಯವಸ್ಥೆಯು ಒಂದು ನಿರ್ದಿಷ್ಟ ವಸ್ತುವಿನ ವಿರುದ್ಧ ಪ್ರತಿಕಾಯಗಳನ್ನು ಉತ್ಪಾದಿಸುತ್ತದೆ ಮತ್ತು ಅನೇಕ ವೇಳೆ ಅದನ್ನು ಚರ್ಮದ ಅಥವಾ ರಕ್ತದ ಪರೀಕ್ಷೆಯಲ್ಲಿ ಕಂಡುಹಿಡಿಯಬಹುದು. ಬಹು ರಾಸಾಯನಿಕ ಅತಿಸಂವೇದನೆಯನ್ನು ಖಚಿತವಾಗಿ ತೋರಿಸಿಕೊಡುವ ಪ್ರಯೋಗಾಲಯದ ಪರೀಕ್ಷೆ ಇನ್ನೂ ಇಲ್ಲ. ವೈದ್ಯರು ರೋಗಿಯ ಅನುಭವದ ವಿವರಗಳನ್ನು ಆಧರಿಸಿಯೇ ಅದನ್ನು ಗುರುತಿಸಬೇಕಾಗುತ್ತದೆ.

ಇದರ ಚರಿತ್ರೆ ಹೊಸದಲ್ಲ. ಅಮೆರಿಕದ ಅಲರ್ಜಿ ತಜ್ಞ ಥೆರಾನ್ ರಾಂಡಾಲ್ಫ್ 1950ರ ದಶಕದಲ್ಲೇ ಇಂತಹ ರೋಗಿಗಳ ಬಗ್ಗೆ ಬರೆದಿದ್ದರು. ಇಂದು ಬಳಕೆಯಲ್ಲಿರುವ ಹೆಸರನ್ನು 1987ರಲ್ಲಿ ಕೊಟ್ಟವರು ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಔದ್ಯೋಗಿಕ ಆರೋಗ್ಯ ತಜ್ಞ ಮಾರ್ಕ್ ಕಲೆನ್. 1999ರಲ್ಲಿ ವೈದ್ಯರು ಮತ್ತು ಸಂಶೋಧಕರ ಗುಂಪೊಂದು ಒಮ್ಮತದಿಂದ ಪ್ರಕಟಿಸಿದ ಲಕ್ಷಣಗಳ ಪಟ್ಟಿಯನ್ನು ನೀವು ಬಾಯಿಪಾಠ ಮಾಡಿಕೊಂಡರೂ ತಪ್ಪಿಲ್ಲ. ಅದರ ಪ್ರಕಾರ ಸ್ಥಿತಿಯು ದೀರ್ಘಕಾಲದ್ದಾಗಿರಬೇಕು. ವಸ್ತುವಿನ ಸಂಪರ್ಕಕ್ಕೆ ಬಂದಾಗಲೆಲ್ಲ ಅವೇ ಲಕ್ಷಣಗಳು ಮರುಕಳಿಸಬೇಕು. ಹಿಂದೆ ತಾಳಿಕೊಳ್ಳುತ್ತಿದ್ದ ಅಥವಾ ಸಾಮಾನ್ಯವಾಗಿ ಎಲ್ಲರೂ ತಾಳಿಕೊಳ್ಳುವ ಅಲ್ಪ ಪ್ರಮಾಣಕ್ಕೇ ಅವು ಕಾಣಿಸಿಕೊಳ್ಳಬೇಕು. ವಸ್ತುವನ್ನು ದೂರ ಮಾಡಿದರೆ ಕಡಿಮೆಯಾಗಬೇಕು. ತಮ್ಮತಮ್ಮಲ್ಲಿ ರಾಸಾಯನಿಕ ಸಂಬಂಧವೇ ಇಲ್ಲದ ಹಲವು ವಸ್ತುಗಳಿಗೆ ಹೀಗಾಗಬೇಕು. ದೇಹದ ಒಂದಕ್ಕಿಂತ ಹೆಚ್ಚು ಅಂಗವ್ಯವಸ್ಥೆಗಳಲ್ಲಿ ತೊಂದರೆ ಕಾಣಬೇಕು. ಸುಗಂಧದ್ರವ್ಯ, ಬಣ್ಣ, ಕೀಟನಾಶಕ, ಶುಚಿಕಾರಕ, ಹೊಗೆ, ಹೊಸ ಪೀಠೋಪಕರಣ, ಹೊಸ ಕಾರ್ಪೆಟ್ ಇವು ಮತ್ತೆ ಮತ್ತೆ ಕೇಳಿಬರುವ ಹೆಸರುಗಳು. ತಲೆನೋವು, ಉಸಿರಾಟದ ತೊಂದರೆ, ತಲೆಸುತ್ತು, ವಿಪರೀತ ದಣಿವು, ಮನಸ್ಸು ಒಂದೆಡೆ ನಿಲ್ಲದಿರುವುದು, ವಾಕರಿಕೆ, ಹೃದಯದ ಬಡಿತ ಏರುವುದು ಹೆಚ್ಚಾಗಿ ಕಾಣುವ ಲಕ್ಷಣಗಳು.

ಇವನ್ನು ಓದಿ ಯಾರೂ ತಮಗೆ ತಾವೇ ರೋಗನಿರ್ಣಯ ಮಾಡಿಕೊಳ್ಳಬಾರದು. ಆಸ್ತಮಾ, ಮೈಗ್ರೇನ್, ಥೈರಾಯ್ಡ್ ಮುಂತಾದ ತೊಂದರೆಗಳು ಇವೆಯೇ ಎಂದು ವೈದ್ಯರು ಮೊದಲು ನೋಡಬೇಕು. ಕ್ಲಾಡಿಯಾ ಮಿಲ್ಲರ್ ಮತ್ತು ಥಾಮಸ್ ಪ್ರಿಹೋಡಾ 1999ರಲ್ಲಿ ಪ್ರಕಟಿಸಿದ, 50 ಪ್ರಶ್ನೆಗಳ ‘ಕ್ವೀಸಿ’ ಎಂಬ ಪ್ರಶ್ನಾವಳಿಯನ್ನು ಸಂಶೋಧಕರು ವ್ಯಾಪಕವಾಗಿ ಬಳಸುತ್ತಾರೆ. ವೈದ್ಯರ ಮುಂದೆ ವಿವರಗಳನ್ನು ಕ್ರಮವಾಗಿ ಇಡಲು ಅದು ನೆರವಾಗುತ್ತದೆ.

ಎರಡನೆಯ ಹೆಜ್ಜೆ: ವಿಜ್ಞಾನದಲ್ಲಿರುವ ವಿವಾದವನ್ನು ಮುಚ್ಚಿಡಬೇಡಿ

ಜಾಗೃತಿ ಮೂಡಿಸಹೊರಟವರು ಹೆಚ್ಚಾಗಿ ಎಡವುವುದು ಇಲ್ಲಿ. ಈ ಸ್ಥಿತಿಯ ಕಾರಣದ ಬಗ್ಗೆ ವೈದ್ಯಲೋಕದಲ್ಲಿ ಒಮ್ಮತವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ತನ್ನ ರೋಗಪಟ್ಟಿಯಲ್ಲಿ ಪ್ರತ್ಯೇಕ ಕಾಯಿಲೆಯಾಗಿ ಸೇರಿಸಿಲ್ಲ. 1996ರಲ್ಲಿ ಬರ್ಲಿನ್‌ನಲ್ಲಿ ನಡೆದ ಕಾರ್ಯಾಗಾರವೊಂದರಲ್ಲಿ ತಜ್ಞರು, ‘ರಾಸಾಯನಿಕ’ ಎಂಬ ಪದವೇ ಕಾರಣವನ್ನು ಮೊದಲೇ ತೀರ್ಮಾನಿಸಿಬಿಡುತ್ತದೆ ಎಂದು ಹೇಳಿ, ‘ಕಾರಣ ಗೊತ್ತಿಲ್ಲದ ಪರಿಸರ ಅಸಹಿಷ್ಣುತೆ’ ಎಂಬ ಅರ್ಥದ ಬೇರೆ ಹೆಸರನ್ನು ಸೂಚಿಸಿದರು. 2006ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು 37 ಪ್ರಯೋಗಾತ್ಮಕ ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿ, ರೋಗಿಗಳಿಗೆ ಪ್ರತಿಕ್ರಿಯೆ ಬರುವುದು ನಿಜವಾದರೂ, ತಮ್ಮ ಮುಂದಿರುವುದು ರಾಸಾಯನಿಕವೋ ಬರಿಯ ಗಾಳಿಯೋ ಎಂದು ಅವರಿಗೆ ತಿಳಿಯುವಂತಿದ್ದಾಗಲೇ ಹೆಚ್ಚಾಗಿ ಹಾಗಾಗುತ್ತದೆ ಎಂದು ಹೇಳಿತು. ಇನ್ನೊಂದೆಡೆ, ಒಮ್ಮೆ ದೊಡ್ಡ ಪ್ರಮಾಣದಲ್ಲಿ ಅಥವಾ ಹಲವು ಬಾರಿ ಸ್ವಲ್ಪ ಸ್ವಲ್ಪವಾಗಿ ವಿಷವಸ್ತುವಿಗೆ ಒಡ್ಡಿಕೊಂಡ ದೇಹವು ತನ್ನ ತಾಳಿಕೆಯ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ ಎಂಬ ಕ್ಲಾಡಿಯಾ ಮಿಲ್ಲರ್ ಅವರ ವಿವರಣೆಯೂ ಇದೆ.

ಇದನ್ನೆಲ್ಲ ಸಭೆಯಲ್ಲಿ ಹೇಳಿದರೆ ನಮ್ಮ ಪಕ್ಷ ದುರ್ಬಲವಾಗುವುದಿಲ್ಲವೇ ಎಂದು ನೀವು ಅಂಜಬಹುದು. ನನ್ನ ಅನುಭವದಲ್ಲಿ ಆಗಿರುವುದು ಇದಕ್ಕೆ ತದ್ವಿರುದ್ಧ. ಕೇಳುಗರಲ್ಲಿ ಒಬ್ಬರಾದರೂ ಈ ವಿವಾದದ ಬಗ್ಗೆ ಓದಿಕೊಂಡು ಬಂದಿರುತ್ತಾರೆ. ನೀವಾಗಿಯೇ ಹೇಳಿದರೆ ಅವರು ನಿಮ್ಮ ಉಳಿದ ಮಾತನ್ನೂ ಕೇಳುತ್ತಾರೆ, ಮುಚ್ಚಿಟ್ಟರೆ ಉಳಿದದ್ದನ್ನೂ ಅನುಮಾನಿಸುತ್ತಾರೆ. ಕಾರಣ ಯಾವುದೇ ಆಗಿರಲಿ, ನರಳುವಿಕೆ ಕಟ್ಟುಕತೆಯಲ್ಲ, ಮತ್ತು ಗಾಳಿಯಲ್ಲಿ ವಾಸನೆಯ ವಸ್ತುಗಳು ಕಡಿಮೆಯಾದಾಗ ಈ ಜನರು ಹೊರಗೆ ಬರಬಲ್ಲರು, ದುಡಿಯಬಲ್ಲರು. ಮೈಗ್ರೇನ್ ಕೂಡ ರಕ್ತಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ಹಾಗೆಂದು ಮೈಗ್ರೇನ್ ಬಂದವರ ಕೋಣೆಯ ದೀಪವನ್ನು ಆರಿಸಲು ಯಾರೂ ಪುರಾವೆ ಕೇಳುವುದಿಲ್ಲ. ಕಾರಣವೇ ಇನ್ನೂ ಖಚಿತವಾಗಿಲ್ಲದಿರುವಾಗ, ದೇಹದ ವಿಷ ತೆಗೆಯುತ್ತೇವೆಂದು ದುಬಾರಿ ಚಿಕಿತ್ಸೆಗಳನ್ನು ಮಾರುವವರನ್ನು ನಿಮ್ಮ ವೇದಿಕೆಯ ಹತ್ತಿರವೂ ಸುಳಿಯಲು ಬಿಡಬೇಡಿ. ಹತಾಶರಾದ ರೋಗಿಗಳೇ ಅವರ ಗಿರಾಕಿಗಳು.

ಅಂಕಿಅಂಶಗಳನ್ನು ಹೇಳುವಾಗಲೂ ಇದೇ ಎಚ್ಚರ ಬೇಕು. ಆನ್ ಸ್ಟೈನ್‌ಮನ್ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಮೆರಿಕದ 1,137 ವಯಸ್ಕರನ್ನು ಪ್ರಶ್ನಿಸಲಾಗಿತ್ತು. ವೈದ್ಯರು ತಮಗೆ ಎಂಸಿಎಸ್ ಇದೆಯೆಂದು ಹೇಳಿದ್ದಾರೆ ಎಂದವರು ಅವರಲ್ಲಿ ಶೇಕಡ 12.8ರಷ್ಟು; ರಾಸಾಯನಿಕಗಳು ತಮಗೆ ಆಗಿಬರುವುದಿಲ್ಲ ಎಂದವರು ಶೇಕಡ 25.9ರಷ್ಟು. ಇದು ಜನರೇ ತಮ್ಮ ಬಗ್ಗೆ ಹೇಳಿಕೊಂಡ ಲೆಕ್ಕ ಎಂಬ ಮಾತನ್ನು ಸೇರಿಸಿಯೇ ಹೇಳಿ.

ಮೂರನೆಯ ಹೆಜ್ಜೆ: ಹೇಳಬೇಕಾದ ಮಾತನ್ನು ತಿದ್ದಿ ತೀಡಿಕೊಳ್ಳಿ

ಕನ್ನಡದಲ್ಲಿ ‘ಹಿಡಿಸುವುದಿಲ್ಲ’ ಮತ್ತು ‘ಆಗಿಬರುವುದಿಲ್ಲ’ ಎಂಬ ಎರಡು ಮಾತುಗಳಿಗೆ ಇರುವ ಅಂತರ ನಮಗೆ ದೊಡ್ಡ ಆಸರೆ. ‘ನನಗೆ ಆ ಸೆಂಟು ಹಿಡಿಸುವುದಿಲ್ಲ’ ಎಂದರೆ ಅದು ರುಚಿಯ ಮಾತು, ಕೇಳಿದವರಿಗೆ ತಮ್ಮ ಅಭಿರುಚಿಯನ್ನು ಹೀಗಳೆದಂತೆ ಅನ್ನಿಸುತ್ತದೆ. ‘ನನಗೆ ಅದು ಆಗಿಬರುವುದಿಲ್ಲ’ ಎಂದರೆ ದೇಹದ ಮಾತು, ಅದರಲ್ಲಿ ಯಾರನ್ನೂ ದೂರಿದಂತಾಗುವುದಿಲ್ಲ. ಇಂತಹ ಮಾತು ನಮ್ಮ ಭಾಷೆಯಲ್ಲೇ ಇರುವಾಗ ‘ವಾಸನೆ ಸಹಿಸಲಾಗದು’ ಎಂದು ಮುಖ ಕಿವುಚುವ ಅಗತ್ಯವಿಲ್ಲ.

ಒಂದು ನಿಮಿಷದೊಳಗೆ ಹೇಳಿ ಮುಗಿಸಬಹುದಾದ ಮಾತನ್ನು ಬರೆದಿಟ್ಟುಕೊಂಡು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿ. ಅಕ್ಕ ಬಳಸುವ ಮಾತು ಹೀಗಿದೆ: ‘ಸುಗಂಧದ್ರವ್ಯ, ಹೊಸ ಬಣ್ಣ, ಕೀಟನಾಶಕ ಇವು ಬಹಳ ಕಡಿಮೆ ಪ್ರಮಾಣದಲ್ಲಿದ್ದರೂ ನನ್ನ ದೇಹಕ್ಕೆ ಆಗಿಬರುವುದಿಲ್ಲ. ತಲೆ ಸುತ್ತುತ್ತದೆ, ಮಾತು ತಡವರಿಸುತ್ತದೆ, ಸುಧಾರಿಸಿಕೊಳ್ಳಲು ಎರಡು ದಿನ ಬೇಕಾಗುತ್ತದೆ. ನಮ್ಮ ಸಭೆ ಕಿಟಕಿ ತೆರೆಯಬಹುದಾದ ಕೋಣೆಯಲ್ಲಿ ನಡೆದರೆ ನಾನು ಪೂರ್ತಿ ಭಾಗವಹಿಸಬಲ್ಲೆ.’ ತೊಂದರೆಯ ಹೆಸರು ಇದರಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಹೆಸರನ್ನು ಕೇಳಿದರೆ ಹೇಳೋಣ. ಹೆಸರಿನಿಂದಲೇ ಆರಂಭಿಸಿದರೆ ಮಾತು ಆ ಹೆಸರಿನ ಸುತ್ತಲೇ ಸುತ್ತುತ್ತದೆ, ಕಿಟಕಿ ಮುಚ್ಚಿಯೇ ಇರುತ್ತದೆ.

ಗಣಿಯೊಳಗಿನ ಕ್ಯಾನರಿ ಹಕ್ಕಿಯ ಹೋಲಿಕೆಯನ್ನು ಅನೇಕ ಪ್ರಚಾರಕರು ಬಳಸುತ್ತಾರೆ. ವಿಷಾನಿಲವನ್ನು ಮೊದಲೇ ತಿಳಿಯಲು ಬ್ರಿಟನ್ನಿನ ಕಲ್ಲಿದ್ದಲು ಗಣಿಗಳಲ್ಲಿ 1986ರವರೆಗೂ ಆ ಹಕ್ಕಿಗಳನ್ನು ಇಟ್ಟುಕೊಳ್ಳುತ್ತಿದ್ದರು. ಹೋಲಿಕೆ ಮನಸ್ಸಿಗೆ ನಾಟುತ್ತದೆ, ಆದರೆ ನಾನು ಅದನ್ನು ಬಳಸುವುದಿಲ್ಲ. ‘ಇಂದು ನಮಗೆ, ನಾಳೆ ನಿಮಗೆ’ ಎಂಬ ಬೆದರಿಕೆ ಅದರೊಳಗಿದೆ. ಅದು ಸಾಬೀತಾದ ಮಾತೂ ಅಲ್ಲ. ಮೇಲಾಗಿ, ಈ ಜನರು ಇನ್ನೊಬ್ಬರಿಗೆ ಎಚ್ಚರಿಕೆಯ ಗಂಟೆಯಾಗಲು ಬದುಕುತ್ತಿಲ್ಲ.

ನಾಲ್ಕನೆಯ ಹೆಜ್ಜೆ: ಒಂದು ಜಾಗ, ಒಂದು ಕೋರಿಕೆ

ಇಡೀ ಸಮಾಜಕ್ಕೆ ಒಮ್ಮೆಲೇ ತಿಳಿವಳಿಕೆ ಕೊಡಲು ಹೊರಡುವ ಬದಲು ಒಂದು ಕಚೇರಿ, ಒಂದು ಗ್ರಂಥಾಲಯ ಅಥವಾ ಒಂದು ವಸತಿ ಸಮುಚ್ಚಯವನ್ನು ಆರಿಸಿಕೊಳ್ಳಿ. ಅಲ್ಲಿನ ತೀರ್ಮಾನ ಯಾರ ಕೈಯಲ್ಲಿದೆ ಎಂಬುದನ್ನು ಮೊದಲು ತಿಳಿದುಕೊಳ್ಳಿ. ಶುಚಿಕಾರಕಗಳನ್ನು ಕೊಳ್ಳುವವರು ಒಬ್ಬರು, ಕಟ್ಟಡ ನೋಡಿಕೊಳ್ಳುವವರು ಇನ್ನೊಬ್ಬರು, ನಿಯಮ ಮಾಡುವವರು ಮತ್ತೊಬ್ಬರು ಇರುತ್ತಾರೆ.

ಮೊದಲ ಕೋರಿಕೆಯಾಗಿ ಶೌಚಾಲಯ ಮತ್ತು ಮೊಗಸಾಲೆಗಳಲ್ಲಿರುವ ಏರ್ ಫ್ರೆಶ್ನರ್‌ಗಳನ್ನು ತೆಗೆಯಿರಿ ಎಂದು ಕೇಳುವುದು ಒಳ್ಳೆಯದು. ಅವು ಗಾಳಿಯನ್ನು ಶುದ್ಧಗೊಳಿಸುವುದಿಲ್ಲ, ಇರುವ ವಾಸನೆಯ ಮೇಲೆ ಇನ್ನೊಂದನ್ನು ಹೊದಿಸುತ್ತವೆ. ತೆಗೆದರೆ ಸಂಸ್ಥೆಗೆ ಖರ್ಚಿಲ್ಲ, ಉಳಿತಾಯವೇ ಆಗುತ್ತದೆ; ಯಾರ ವೈಯಕ್ತಿಕ ಅಭ್ಯಾಸಕ್ಕೂ ಕೈ ಹಾಕಿದಂತಾಗುವುದಿಲ್ಲ. ಸಹೋದ್ಯೋಗಿಗಳ ಸೆಂಟಿನ ಮಾತು ಆಮೇಲೆ ಬರಲಿ. ಮೊದಲೇ ಅದನ್ನೆತ್ತಿದರೆ ಜಗಳ ಶುರುವಾಗಿ, ಏರ್ ಫ್ರೆಶ್ನರ್ ಕೂಡ ಗೋಡೆಯ ಮೇಲೆಯೇ ಉಳಿಯುತ್ತದೆ.

ಎರಡನೆಯ ಕೋರಿಕೆ ಮುನ್ಸೂಚನೆ. ಬಣ್ಣ ಬಳಿಯುವುದು, ಕೀಟನಾಶಕ ಸಿಂಪಡಿಸುವುದು, ಹೊಸ ಕಾರ್ಪೆಟ್ ಹಾಸುವುದು ಇವುಗಳನ್ನು ನಿಲ್ಲಿಸಲಾಗದು. ಆದರೆ ಒಂದು ವಾರ ಮೊದಲೇ ತಿಳಿಸಬಹುದು, ರಜೆಯ ಹಿಂದಿನ ಸಂಜೆ ಮಾಡಬಹುದು, ಆಮೇಲೆ ಕಿಟಕಿಗಳನ್ನು ತೆರೆದಿಡಬಹುದು. ಬಣ್ಣದಿಂದ ಸುಲಭವಾಗಿ ಆವಿಯಾಗುವ ಸಾವಯವ ಸಂಯುಕ್ತಗಳು ಹೊರಬೀಳುವುದು ಮೊದಲ ದಿನಗಳಲ್ಲೇ ಹೆಚ್ಚು. ಒತ್ತುಹಲಗೆಯ (ಮರದ ಚೂರುಗಳನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆಯ) ಪೀಠೋಪಕರಣಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ಹೊರಬರುವುದು ಮಾತ್ರ ತಿಂಗಳುಗಟ್ಟಲೆ ನಡೆಯುತ್ತದೆ; ಅದು ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ನಿರ್ಣಯಿಸಿದೆ. ಇಲ್ಲಿ ನೀವು ಕೇಳುತ್ತಿರುವುದು ಒಬ್ಬರ ಹಿತವಷ್ಟೇ ಅಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಇದನ್ನು ಯಾರಾದರೂ ಮಾಡಿದ್ದಾರೆಯೇ ಎಂದು ಆಡಳಿತದವರು ಕೇಳುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು 2009ರ ತನ್ನ ನೀತಿಯಲ್ಲಿ, ತನ್ನ ಕಟ್ಟಡಗಳ ಒಳಗೆ ಏರ್ ಫ್ರೆಶ್ನರ್, ಸುಗಂಧದ ಮೇಣದಬತ್ತಿ, ಊದುಬತ್ತಿ ಮುಂತಾದವನ್ನು ನಿಷೇಧಿಸಿ, ಸಿಬ್ಬಂದಿಯೂ ಆದಷ್ಟು ಸುಗಂಧವಿಲ್ಲದೆ ಕೆಲಸಕ್ಕೆ ಬರಬೇಕೆಂದು ಪ್ರೋತ್ಸಾಹಿಸಿತು. ಕೆನಡಾದ ಮಾನವ ಹಕ್ಕುಗಳ ಆಯೋಗವು 2007ರಲ್ಲಿ ಪರಿಸರ ಸಂವೇದನೆಯುಳ್ಳವರಿಗೂ ಅಂಗವೈಕಲ್ಯದ ರಕ್ಷಣೆ ಸಲ್ಲುತ್ತದೆ ಎಂಬ ನಿಲುವನ್ನು ಪ್ರಕಟಿಸಿತು. ಕೋರಿಕೆಯ ಪತ್ರದಲ್ಲಿ ಈ ಎರಡನ್ನೂ ಉಲ್ಲೇಖಿಸಿ.

ಕೊಳ್ಳುವವರಿಗೆ ಒಂದು ಸೂಕ್ಷ್ಮವನ್ನು ತಿಳಿಸಲೇಬೇಕು. ‘ವಾಸನೆರಹಿತ’ ಎಂದು ಬರೆದ ಉತ್ಪನ್ನದಲ್ಲಿ ಮೂಲ ವಾಸನೆಯನ್ನು ಮರೆಮಾಡಲು ಬೇರೊಂದು ಸುಗಂಧದ್ರವ್ಯ ಸೇರಿರಬಹುದು. ಬೇಕಾಗಿರುವುದು ‘ಸುಗಂಧದ್ರವ್ಯ ಸೇರಿಸದ’ ಉತ್ಪನ್ನ. ಲೇಬಲ್ಲಿನ ಮೇಲೆ ‘ಸುಗಂಧ’ ಎಂಬ ಒಂದೇ ಪದದ ಹಿಂದೆ ಹತ್ತಾರು ವಸ್ತುಗಳು ಅಡಗಿರಬಹುದು. ಯುರೋಪಿಯನ್ ಒಕ್ಕೂಟವು ಸೌಂದರ್ಯವರ್ಧಕಗಳಲ್ಲಿ 26 ಅಲರ್ಜಿಕಾರಕ ಸುಗಂಧ ವಸ್ತುಗಳನ್ನು ಹೆಸರಿಸಲೇಬೇಕೆಂದು ವಿಧಿಸಿ, 2023ರಲ್ಲಿ ಆ ಪಟ್ಟಿಯನ್ನು 80ಕ್ಕೂ ಮೀರಿ ವಿಸ್ತರಿಸಿತು. ನೈಸರ್ಗಿಕ ತೈಲವಾದರೆ ತೊಂದರೆಯಿಲ್ಲ ಎಂಬ ಮಾತನ್ನೂ ಒಪ್ಪಬೇಡಿ. ನಿಂಬೆ, ಕಿತ್ತಳೆಯ ತೈಲಗಳಲ್ಲಿರುವ ಲಿಮೊನೀನ್ ಗಾಳಿಯಲ್ಲಿನ ಓಝೋನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ. ಶುಚಿಕಾರಕಗಳನ್ನು ಬದಲಿಸುವಾಗ ಬ್ಲೀಚ್ ಅನ್ನು ವಿನೆಗರ್ ಅಥವಾ ಅಮೋನಿಯಾದೊಂದಿಗೆ ಎಂದಿಗೂ ಬೆರೆಸಬಾರದೆಂದು ಹೇಳಿ. ಹೊಮ್ಮುವ ಅನಿಲ ಯಾರಿಗಾದರೂ ಅಪಾಯಕಾರಿ.

ಸ್ವಚ್ಛತಾ ಸಿಬ್ಬಂದಿಯನ್ನು ಈ ಮಾತುಕತೆಗೆ ಮೊದಲ ದಿನದಿಂದಲೇ ಕರೆಯಿರಿ. ದಿನವಿಡೀ ಆ ದ್ರಾವಣಗಳ ಆವಿಯನ್ನು ಉಸಿರಾಡುವವರು ಅವರೇ. ತಮ್ಮ ಕೆಮ್ಮಿನ ಬಗ್ಗೆ, ಕೈಯುರಿಯ ಬಗ್ಗೆ ಯಾರೂ ಕೇಳಿರದ ಅವರಿಂದ ಸಿಕ್ಕಷ್ಟು ಬೆಂಬಲ ನಮಗೆ ಬೇರೆ ಯಾರಿಂದಲೂ ಸಿಕ್ಕಿಲ್ಲ.

ಐದನೆಯ ಹೆಜ್ಜೆ: ಆಸ್ಪತ್ರೆ

ಇದನ್ನು ಬೇರೆಯಾಗಿ ಬರೆಯಲು ಕಾರಣವಿದೆ. ಸೋಂಕು ನಿವಾರಕಗಳ ವಾಸನೆಗೆ ಹೆದರಿ ಚಿಕಿತ್ಸೆಯನ್ನೇ ಮುಂದೂಡುವವರು ಇದ್ದಾರೆ, ಮತ್ತು ಹಾಗೆ ಮುಂದೂಡಿದ ಕಾಯಿಲೆ ಕಾಯುವುದಿಲ್ಲ. ಸೋಂಕು ನಿವಾರಣೆಯನ್ನು ಬಿಡಿ ಎಂದು ಆಸ್ಪತ್ರೆಯನ್ನು ಕೇಳುವಂತಿಲ್ಲ, ಕೇಳಲೂಬಾರದು. ಕೇಳಬಹುದಾದದ್ದು ಇಷ್ಟು: ದಿನದ ಮೊದಲ ಸರದಿ ಕೊಡುವುದು, ಜನರ ನಡುವೆ ಕೂರಿಸುವ ಬದಲು ಹೊರಗೆ ಅಥವಾ ವಾಹನದಲ್ಲಿ ಕಾಯಲು ಬಿಟ್ಟು ಸರದಿ ಬಂದಾಗ ಕರೆಯುವುದು, ಇತ್ತೀಚೆಗೆ ಬಣ್ಣ ಬಳಿಯದ ಕೋಣೆ ಕೊಡುವುದು, ಆರೈಕೆ ಮಾಡುವವರು ಆ ದಿನ ಸುಗಂಧ ಹಚ್ಚಿಕೊಳ್ಳದಿರುವುದು. ಇವನ್ನು ಒಂದೇ ಪುಟದಲ್ಲಿ ಬರೆದು, ಹಿಂದೆ ಆಗಿಬರದ ಔಷಧಗಳ ಪಟ್ಟಿಯನ್ನೂ ಸೇರಿಸಿ, ರೋಗಿಯ ದಾಖಲೆಯಲ್ಲಿ ಇಡಿಸಿ. ದಾದಿಯರ ತರಬೇತಿಯಲ್ಲಿ ಹದಿನೈದು ನಿಮಿಷ ಮಾತನಾಡಲು ಅವಕಾಶ ಕೇಳಿ. ಅದು ನೂರು ಭಿತ್ತಿಪತ್ರಗಳಿಗಿಂತ ದೂರ ಹೋಗುತ್ತದೆ. ಉಸಿರಾಟಕ್ಕೆ ತೀವ್ರ ತೊಂದರೆಯಾದರೆ ಇದಾವುದಕ್ಕೂ ಕಾಯದೆ ತುರ್ತು ಚಿಕಿತ್ಸೆಗೆ ಹೋಗಬೇಕು ಎಂಬುದನ್ನೂ ನಿಮ್ಮ ಪ್ರತಿಯೊಂದು ಕರಪತ್ರದಲ್ಲಿ ಸೇರಿಸಿ.

ಆರನೆಯ ಹೆಜ್ಜೆ: ಸಭೆ ನಡೆಸುವುದು

ಹಲವು ದೇಶಗಳಲ್ಲಿ ಮೇ ತಿಂಗಳನ್ನು ಈ ಸ್ಥಿತಿಯ ಜಾಗೃತಿಗಾಗಿ ಮೀಸಲಿಡುತ್ತಾರೆ. ಮೇ 12ರಂದು, ಫ್ಲಾರೆನ್ಸ್ ನೈಟಿಂಗೇಲ್ ಅವರ ಜನ್ಮದಿನದಂದು, ದೀರ್ಘಕಾಲಿಕ ದಣಿವಿನ ಕಾಯಿಲೆ, ಫೈಬ್ರೊಮಯಾಲ್ಜಿಯಾ (ಮೈತುಂಬ ನೋವಿನ ದೀರ್ಘಕಾಲಿಕ ಕಾಯಿಲೆ) ಮತ್ತು ಎಂಸಿಎಸ್ ಮುಂತಾದವುಗಳ ಜಾಗೃತಿ ದಿನವನ್ನು 1992ರಿಂದ ಆಚರಿಸಲಾಗುತ್ತಿದೆ. ಸಭೆಗೆ ಆ ದಿನವನ್ನು ಆರಿಸಿಕೊಂಡರೆ ಸುದ್ದಿಯವರೂ ಒಂದಿಷ್ಟು ಗಮನ ಕೊಡುತ್ತಾರೆ.

ನಾವು ನಡೆಸಿದ ಮೊದಲ ಸಭೆಗೆ ಭಿತ್ತಿಪತ್ರಗಳನ್ನು ಅದೇ ಬೆಳಿಗ್ಗೆ ಮುದ್ರಿಸಿ ತಂದು ಗೋಡೆಯ ತುಂಬ ಅಂಟಿಸಿದ್ದೆವು. ಹಸಿ ಶಾಯಿಯ ವಾಸನೆಗೆ ಅಕ್ಕ ಒಳಗೆ ಬರಲಾಗಲಿಲ್ಲ. ಅವಳ ಬಗ್ಗೆ ನಾವು ಒಳಗೆ ಮಾತನಾಡುತ್ತಿದ್ದಷ್ಟು ಹೊತ್ತೂ ಅವಳು ಬಾಗಿಲಾಚೆ ನಿಂತಿದ್ದಳು. ಆ ನೋವು ಇಂದಿಗೂ ಹೋಗಿಲ್ಲ. ಆದ್ದರಿಂದ ಮುದ್ರಣವನ್ನು ಎರಡು ವಾರ ಮೊದಲೇ ಮುಗಿಸಿ ಕಾಗದಗಳನ್ನು ಗಾಳಿಗೆ ಹರಡಿಡಿ. ಸಭಾಂಗಣವನ್ನು ಆರಿಸುವ ಮುನ್ನ ಈ ತೊಂದರೆ ಇರುವ ಒಬ್ಬರನ್ನು ಕರೆದೊಯ್ದು ಅವರ ಮಾತನ್ನೇ ಕಡೆಯದಾಗಿ ಒಪ್ಪಿಕೊಳ್ಳಿ. ಅಂದು ನೆಲವನ್ನು ಬರಿಯ ನೀರಿನಿಂದ ಒರೆಸಲು ಹೇಳಿ. ಬರಲಾಗದವರು ಮನೆಯಿಂದಲೇ ನೋಡಿ, ಮಾತನಾಡುವಂತೆ ವಿಡಿಯೊ ಕರೆಯ ಏರ್ಪಾಡು ಮಾಡಿ. ಬರಿಯ ನೋಡುವ ಅವಕಾಶ ಸಾಲದು.

ಆಹ್ವಾನದಲ್ಲಿ ಬರೆಯಬೇಕಾದ ಸಾಲು ಆಜ್ಞೆಯಂತೆ ಕೇಳಿಸಬಾರದು. ‘ಸುಗಂಧದ್ರವ್ಯಗಳು ಆಗಿಬರದ ಸ್ನೇಹಿತರು ನಮ್ಮ ನಡುವೆ ಇರುತ್ತಾರೆ. ಅಂದು ಸೆಂಟು, ಸುಗಂಧದ ಎಣ್ಣೆ, ಹೇರ್ ಸ್ಪ್ರೇ ಬಳಸದೆ ಬಂದರೆ ಅವರೂ ನಮ್ಮೊಂದಿಗೆ ಕೂರಬಲ್ಲರು’ ಎಂದು ಬರೆದರೆ ಕಾರಣವೂ ಫಲವೂ ಎರಡೂ ಓದುಗರ ಕಣ್ಣ ಮುಂದಿರುತ್ತವೆ. ಯಾರಾದರೂ ಮರೆತು ಹಚ್ಚಿಕೊಂಡು ಬಂದರೆ ಎಲ್ಲರೆದುರು ಹೇಳಬೇಡಿ. ಕಿಟಕಿಯ ಪಕ್ಕದಲ್ಲೋ ಕೊನೆಯ ಸಾಲಿನಲ್ಲೋ ಜಾಗ ತೋರಿಸಿದರೆ ಸಾಕು. ಅನುಭವ ಹೇಳುವವರ ಹೆಸರು, ಚಿತ್ರಗಳನ್ನು ಅವರ ಒಪ್ಪಿಗೆಯಿಲ್ಲದೆ ಎಲ್ಲೂ ಹಾಕಬೇಡಿ. ಕೆಲಸ ಕಳೆದುಕೊಳ್ಳುವ ಅಂಜಿಕೆಯಿಂದ ಮುಚ್ಚಿಟ್ಟುಕೊಂಡವರು ಅವರಲ್ಲಿರುತ್ತಾರೆ.

ಏಳನೆಯ ಹೆಜ್ಜೆ: ಕೈಬಿಡದೆ ವಿಚಾರಿಸುವುದು

ಒಪ್ಪಿದ್ದನ್ನು ಬರಹದಲ್ಲಿ ಪಡೆದುಕೊಳ್ಳಿ, ದಿನಾಂಕವನ್ನು ಗುರುತಿಟ್ಟುಕೊಳ್ಳಿ, ಮೂರು ತಿಂಗಳಿಗೊಮ್ಮೆ ಹೋಗಿ ನೋಡಿ. ಬದಲಾವಣೆ ಅಳಿಸಿಹೋಗುವುದು ವಿರೋಧದಿಂದಲ್ಲ, ಮರೆವಿನಿಂದ: ಉಸ್ತುವಾರಿ ಬದಲಾಗುತ್ತಾರೆ, ಶುಚಿತ್ವದ ಗುತ್ತಿಗೆ ಬೇರೆಯವರಿಗೆ ಹೋಗುತ್ತದೆ, ಗೋಡೆಯ ಮೇಲೆ ಮತ್ತೆ ಏರ್ ಫ್ರೆಶ್ನರ್ ಕಾಣಿಸಿಕೊಳ್ಳುತ್ತದೆ. ದೂರದೆ, ಮೊದಲ ದಿನದ ಅದೇ ಒಂದು ನಿಮಿಷದ ಮಾತನ್ನು ಹೊಸಬರಿಗೆ ಮತ್ತೆ ಹೇಳಿ.

ಅಕ್ಕ ಹೋಗಿಬರುವ ಕಚೇರಿಯೊಂದರಲ್ಲಿ ನಾಲ್ಕು ಬಾರಿ ಹೀಗೆ ಹೇಳಬೇಕಾಯಿತು. ಐದನೆಯ ಬಾರಿ ಕರೆ ಅಲ್ಲಿಂದಲೇ ಬಂತು: ‘ಮುಂದಿನ ಶನಿವಾರ ಬಣ್ಣ ಬಳಿಸುತ್ತಿದ್ದೇವೆ, ನಿಮ್ಮ ಅಕ್ಕನವರಿಗೆ ಆ ವಾರ ಇಲ್ಲಿ ಏನಾದರೂ ಕೆಲಸವಿತ್ತೇ?’